ಗುಡ್ಡಪ್ಪನೂ ಉಲ್ಟಾ ಬಾಣವೂ

ಹೂಂ ಅನ್ನೋರಿದ್ದರೆ ಹೇಳ್ತೀನಿ, ಕೇಳಿ. ಹಾಲವ್ವನಿಗೆ ಒಬ್ಬನೇ ಮಗ, ಗುಡ್ಡಪ್ಪ. ಮೈಯಲ್ಲಿ ಎತ್ತಿನ ಬಲ, ತಲೆಯಲ್ಲಿ ಬರೀ ಗಾಳಿ. "ಹೆಂಗ ಬಾಳ್ತೀಯೋ ಮಗನೇ!" ಅಂತ ಹಣೆ ಬಡ್ಕೊಂಡು, ಊರ ಸುಡುಗಾಡಿಗೆ ಗೋಡೆ ಕಟ್ಟುತ್ತಿದ್ದ ಮೈಲಾರಿ ಮೇಸ್ತ್ರಿ ಹತ್ರ ಬಿಟ್ಟಳು.

ಮೇಸ್ತ್ರಿ ಬಂಡೆ ಮೇಲೆ ಇದ್ದಿಲಲ್ಲಿ ಚೌಕ ಬರೆದ. ಒಂದೊಂದು ಚೌಕ ಒಂದೊಂದು ಕೆಲಸ. ಯಾವುದಾದ ಮೇಲೆ ಯಾವುದು ಅಂತ ತೋರಿಸೋಕೆ ನಡುವೆ ಬಾಣದ ಗೆರೆ.

"ನೋಡಲೇ, ಇದು ನೀರು, ಇದು ಮಣ್ಣು. ನೀರು ಮುಗೀಬೇಕು, ಆಮೇಲೆ ಮಣ್ಣು ಕಲಸಬೇಕು. ತಿಳೀತಾ?"

"ತಿಳೀತು!"

ಗುಡ್ಡಪ್ಪ ಸುಡುಗಾಡಿನ ಬಾವಿಯಿಂದ ನೀರು ಸೇದಿದ, ಸೇದಿದ, ಸೇದೇ ಸೇದಿದ. ಸಂಜೆಗೆ ಬಾವಿಯ ನೀರೇ ಮುಗೀತು! ಒಣಗಿದ ತಳದಿಂದ ಯಾರೋ ಕೆಮ್ಮಿದರು. ಇಣುಕಿದರೆ ಯಾರೂ ಇಲ್ಲ.

ಹಾಲವ್ವ ಬೈದಳು. "ಎಡವಟ್ಟೇ! ಮುಗಿಯೋ ತನಕ ಯಾಕೆ ಕಾದಿ? ಬೇರೆಯವರು ಒಂದು ಶುರು ಮಾಡಿದ ಕೂಡ್ಲೇ ನೀನೂ ಇನ್ನೊಂದು ಶುರು ಮಾಡು!"

ಮಾರನೇ ದಿನದ ಚೌಕ: ಪಾಯ ತೋಡೋದು, ಕಲ್ಲು ತುಂಬೋದು. ಕೂಲಿಯ ದುರುಗ ಗುಂಡಿಗಿಳಿದು ಗುದ್ದಲಿ ಎತ್ತಿದ, ಗುಡ್ಡಪ್ಪ ಕಲ್ಲು ಎತ್ತಿದ. ಅವನು ತೋಡಿದ, ಇವನು ತುಂಬಿದ. ದುರುಗ ಸೊಂಟದ ತನಕ ಹೂತುಹೋದ!

"ಅಯ್ಯಯ್ಯೋ, ಎಳೀರಪ್ಪೋ!"

ಮೇಲಿಂದ ಎಲ್ಲರೂ ಎಳೆದರು. ಕೆಳಗಿಂದಲೂ ಯಾರೋ ಎಳೆದರು. ಹೆಂಗೋ ದುರುಗ ಮೇಲೆ ಬಂದ.

"ಇವನಿಗೆ ಕೆಲಸ ಬ್ಯಾಡ, ಕಾವಲಿಗಿರಲಿ," ಅಂದ ಮೇಸ್ತ್ರಿ. ಬಂಡೆ ಮೇಲೆ ಬಾಣ ಹಿಂದುಮುಂದು ಬರೆದ. "ಇದು ಉಲ್ಟಾ ಬಾಣ. ಕಾವಲಿಗೆ ಹೊಸಬ ಬಂದು ಕೂತ ಮೇಲೇ ಹಳಬ ಏಳೋದು."

ಹಾಲವ್ವನೂ ಕಿವಿ ಹಿಂಡಿ ಹೇಳಿದಳು. "ಇದೊಂದಾದರೂ ಸರಿ ಮಾಡು! ನಿನ್ನ ಜಾಗಕ್ಕೆ ಯಾರಾದರೂ ಬಂದು ಕೂರೋ ತನಕ ಏಳಬ್ಯಾಡ!"

ನಡುಮಧ್ಯಾಹ್ನ ಗುಡ್ಡಪ್ಪ ಸುಡುಗಾಡಿಗೆ ಹೋದರೆ, ಹಳೇ ಗೋರಿ ಮೇಲೆ ಒಬ್ಬ ಮುದುಕ ಕೂತಿದ್ದ. ಮೈತುಂಬ ಮಣ್ಣು.

"ಬಂದ್ಯೇನಪ್ಪಾ? ಕಾದೂ ಕಾದೂ ಸಾಕಾಯ್ತು. ಕೂತ್ಕೋ."

"ಕೂತೆ!"

ಮುದುಕ ಎದ್ದ. ಅರ್ಧ ಎದ್ದಿದ್ದ ಗೋಡೆಯೊಳಗೇ ನೆಟ್ಟಗೆ ನಡೆದ. ಮತ್ತೆ ಕಾಣಲಿಲ್ಲ.

ಸಂಜೆ ಮೇಸ್ತ್ರಿ ಕೂಗಿದ, ಗುಡ್ಡಪ್ಪ ಏಳಲಿಲ್ಲ. ಕೂಲಿಯವರು ಹಿಡಿದೆಳೆದರು, ಅಲುಗಲಿಲ್ಲ. ಮುಟ್ಟಿದರೆ ಕಲ್ಲಿನ ಹಾಗೆ ತಣ್ಣಗೆ. ಎಲ್ಲರೂ ಎದ್ದೆವೋ ಬಿದ್ದೆವೋ ಅಂತ ಓಡಿಹೋದರು. ಹಾಲವ್ವ ಒಬ್ಬಳೇ ಓಡಿ ಬಂದಳು.

"ಏಳೋ ನನ್ನಪ್ಪಾ!"

"ಹೆಂಗ ಏಳ್ಲಿ ಯವ್ವಾ? ಉಲ್ಟಾ ಬಾಣ! ಯಾರಾದರೂ ಕೂತರೆ ಏಳ್ತೀನಿ."

ಹಾಲವ್ವ ಮಗನ ಮುಖ ನೋಡಿದಳು. ತುಟಿ ಒಣಗಿ ಬಿರಿದಿತ್ತು. ಸೆರಗಲ್ಲಿ ಕಣ್ಣೊರಸಿಕೊಂಡು ಗೋರಿ ಮೇಲೆ ಅವನ ಪಕ್ಕದಲ್ಲಿ ಕೂತಳು. "ಹಸಿದೀಯಾ. ಹೋಗಪ್ಪ, ಉಣ್ಣು."

ಗುಡ್ಡಪ್ಪ ಹಗೂರ ಎದ್ದ, ಮಣ್ಣು ಕೊಡವಿದ, ಮನೆಗೆ ಹೋದ. ಗಂಗಾಳ ಮುಂದಿಟ್ಟುಕೊಂಡು ಕೂತು ಕೂಗಿದ.

"ಯವ್ವಾ, ಬಾ ಬೇ, ಬಡಿಸು!"

ಸುಡುಗಾಡಿನ ಕಡೆಯಿಂದ ಹಾಲವ್ವನ ದನಿ ತೇಲಿ ಬಂತು. "ಯಾರಾದರೂ ಕೂತ್ಕೊಳ್ರಪ್ಪೋ! ಕೂತರೆ ಏಳ್ತೀನೋ!"

ಗುಡ್ಡಪ್ಪ ಗಂಗಾಳದ ಮುಂದೆ ಇನ್ನಷ್ಟು ಗಟ್ಟಿಯಾಗಿ ಚಕ್ಕಳಮಕ್ಕಳ ಹಾಕಿದ.

"ನಾನು ಆಗಲೇ ಕೂತೀನಿ ಬೇ! ಏಳು!"