ಕತ್ತಿಕೊಯ್ಲಿನ ಗುಡ್ಡ

ಕೃಷ್ಣೆ ತುಂಗಭದ್ರೆಗಳ ನಡುವಣ ಎರೆನೆಲದಲ್ಲಿ ಎರೆಮಾಳವೆಂಬ ಊರಿದೆ. ಊರ ಬೆನ್ನಿಗೆ ಆತು ನಿಂತ ಬೋಳುಗುಡ್ಡವನ್ನು ಕತ್ತಿಕೊಯ್ಲಿನ ಗುಡ್ಡ ಎನ್ನುತ್ತಾರೆ. ಹೆಸರು ಕೇಳಿದ ಪರಸ್ಥಳದವರು, ಇಲ್ಲಿ ಅದೆಷ್ಟು ತಲೆ ಉರುಳಿದವೋ ಎಂದು ವಿಚಾರಿಸುವುದುಂಟು. ಹಿರಿಯರು ನಕ್ಕು, ಕೊಯ್ದದ್ದು ಜೋಳವನ್ನಪ್ಪಾ ಎಂದು ಕತೆ ತೆಗೆಯುತ್ತಾರೆ.

ಹಿಂದೆ ಒಮ್ಮೆ, ಇಬ್ಬರು ದೊರೆಗಳ ಕಾದಾಟದಲ್ಲಿ, ಒಂದು ದಂಡು ಎರೆಮಾಳದ ಮೇಲೆ ಹಾದುಹೋಯಿತಂತೆ. ಬಾಣದ ಮೊನೆಗೆ, ಕುದುರೆಯ ಲಾಳಕ್ಕೆಂದು ಊರಿನ ಕುಡುಗೋಲು, ನೇಗಿಲ ಕುಳ, ಕೊಡಲಿಗಳನ್ನೆಲ್ಲ ಬಾಚಿಕೊಂಡಿತು. ಕಮ್ಮಾರ ಮಾನಪ್ಪನನ್ನೂ ಎಳೆದೊಯ್ದಿತು. ಅವನ ಹೆಂಡತಿ ಗುರವ್ವ ತೌಡಿನ ಗುಡಾಣದಲ್ಲಿ ಬಚ್ಚಿಟ್ಟಿದ್ದ ಒಂದು ಸುತ್ತಿಗೆ, ಒಂದು ಇಕ್ಕಳ ಮಾತ್ರ ಉಳಿದವು. ಗಂಡ ಇಕ್ಕಳ ಹಿಡಿದರೆ ಸಮ್ಮಟಿಗೆ ಎತ್ತಿ ಬಡಿದ ಗಟ್ಟಿಗಿತ್ತಿ ಆಕೆ. ಆದರೆ ಉಕ್ಕನ್ನು ಕಾಯಿಸಿ ತಣಿಸಿ ಹದ ಹಾಕುವುದನ್ನು ನೋಡಿದ್ದಳೇ ಹೊರತು ತಾನು ಮಾಡಿರಲಿಲ್ಲ.

ಗುಡ್ಡದಾಚೆಯ ಬಯಲಿನಲ್ಲಿ ಕಾಳಗವಾಗಿ ಆ ದಂಡು ಸೋತಿತು. ಓಡಿದವರನ್ನು ಬೆನ್ನಟ್ಟಿ ಹೋದ ಗೆದ್ದವರು ಅಮಾವಾಸ್ಯೆಯ ಹೊತ್ತಿಗೆ ಇದೇ ದಾರಿಯಲ್ಲಿ ಮರಳುತ್ತಾರೆ, ನಿಂತ ಪೈರಿಗೆ ಕುದುರೆ ಬಿಡುತ್ತಾರೆ ಎಂದು ಕುರಿಗಾರರು ಸುದ್ದಿ ತಂದರು. ಹೊಲದಲ್ಲಿ ಜೋಳ ತೆನೆದೂಗಿ ನಿಂತಿತ್ತು. ಊರಲ್ಲಿ ಒಂದು ಕುಡುಗೋಲೂ ಇರಲಿಲ್ಲ.

“ಬರಿಗೈಲೆ ಎಷ್ಟಂತ ಮುರಿದೇವು? ಊರು ಬಿಟ್ಟು ಹೋಗೂದ ನೆಟ್ಟಗ,” ಎಂದ ಊರ ಹಿರಿಯ ಮುದುಕನಗೌಡ.

“ಗೌಡ್ರ, ಒಯ್ದ ಕಬ್ಬಿಣ ಅವ್ರು ಗುಡ್ಡದಾಚೆ ಚೆಲ್ಲಿ ಹೋಗ್ಯಾರ. ಮುರಿದ ಕತ್ತಿ ಆರಿಸಿ ತರಸ್ರಿ, ನಾ ಬಡೀತೀನಿ,” ಎಂದಳು ಗುರವ್ವ.

ಹೆಂಗಸರು ಗಂಡಸರೆನ್ನದೆ ಬುಟ್ಟಿ ಹೊತ್ತು ಹೋದರು. ಮುರಿದ ಕತ್ತಿ, ಈಟಿಯ ಮೊನೆ, ಸವೆದ ಲಾಳಗಳು ಕುಲುಮೆಯ ಮುಂದೆ ರಾಶಿ ಬಿದ್ದವು. ಆದರೆ ಕತ್ತಿಯಿಂದ ಬಡಿದ ಮೊದಲ ಕುಡುಗೋಲು ಒಂದು ಹಿಡಿ ದಂಟಿಗೇ ಲಟಕ್ಕನೆ ಮುರಿಯಿತು. ಜನ ಮುಖ ಮುಖ ನೋಡಿಕೊಂಡು ಗಂಟುಮೂಟೆ ಕಟ್ಟಲು ಹೊರಟರು. ಗುರವ್ವ ಕೂತಲ್ಲಿಂದ ಏಳಲಿಲ್ಲ. ತುಂಡನ್ನು ಬಿಸಿಲಿಗೆ ಹಿಡಿದಳು. ಮುರಿದ ಜಾಗ ಉಪ್ಪಿನಂತೆ ಹರಳುಹರಳಾಗಿತ್ತು. ಕತ್ತಿಯ ಬಿರುಸು ಇನ್ನೂ ಇಳಿದಿಲ್ಲ, ಅದಕ್ಕೇ ಮುರಿಯಿತೆಂದು ಅವಳಿಗೆ ಹೊಳೆಯಿತು. ಇನ್ನೊಂದು ತುಂಡನ್ನು ಮುತ್ತುಗದ ಹೂವಿನ ಬಣ್ಣಕ್ಕೆ ಕಾಯಿಸಿ, ಬೂದಿಯಲ್ಲಿ ಹೂತು, ತಾನಾಗಿ ಆರುವವರೆಗೆ ಮುಟ್ಟಲಿಲ್ಲ. ಆಮೇಲೆ ಮತ್ತೆ ಕಾಯಿಸಿ ಬಡಿದು ಬಾಗಿಸಿ, ಬಾಯಂಚನ್ನಷ್ಟೇ ನೀರಿಗೆ ತೋರಿಸಿದಳು. ಈ ಸಲ ತಾನೇ ಹೊಲಕ್ಕಿಳಿದು ಬೀಸಿದಳು. ದಂಟು ಸಾಲುಸಾಲಾಗಿ ಮಲಗಿತು, ಅಂಚು ಹಾಗೇ ಇತ್ತು.

“ಉಳಿದದ್ದೂ ತರ್ರಿ,” ಎಂದಳು.

ಅಲ್ಲಿಂದ ಕುಲುಮೆಗೆ ಗಾಳಿಯೂದುವ ತಿದಿಗೆ ಬಿಡುವಿಲ್ಲವಾಯಿತು. ಒಂದೊಂದು ಕುಡುಗೋಲು ಸಿದ್ಧವಾದಂತೆ ಒಬ್ಬೊಬ್ಬರು ಹೊಲಕ್ಕಿಳಿದರು. ಕಾಳೆಲ್ಲ ನೆಲದೊಳಗಿನ ಹಗೇವು ಸೇರಿತು. ಮೇವನ್ನು ಗುಡ್ಡದ ಕೊರಕಲುಗಳಲ್ಲಿ ಅಡಗಿಸಿದರು. ದಂಡು ಬಂದಾಗ ಕಂಡದ್ದು ಕೂಳೆ ಮಾತ್ರ. ಸರದಾರ ಈಟಿಯಿಂದ ನೆಲ ಕೆದಕಿ ನೋಡಿ, ಕುದುರೆಗಳು ಹಸಿದಿವೆಯೆಂದು ಬೀಡು ಬಿಡದೆ ನಡೆದ. ಗುಡ್ಡದ ಮೇಲಿಂದ ಅವರ ಧೂಳು ಮರೆಯಾಗುವುದನ್ನು ಊರಿಗೆ ಊರೇ ನಿಂತು ನೋಡಿತು. ಮುದುಕನಗೌಡ ಹೊಸ ಜೋಳದ ಮೊದಲ ಮೊರವನ್ನು ತಾನೇ ಹೊತ್ತು ತಂದು ಕುಲುಮೆಯ ಬಾಗಿಲಲ್ಲಿಟ್ಟ.

ಸೋತ ದಂಡಿನಿಂದ ತಪ್ಪಿಸಿಕೊಂಡ ಮಾನಪ್ಪ ಸುಗ್ಗಿಯ ಮೇಲೆ ಊರು ಸೇರಿದ. ಕುಡುಗೋಲೊಂದನ್ನೆತ್ತಿ ಉಗುರಿನಿಂದ ಅಂಚು ಸವರಿ, “ಇದರ ಹದ ಯಾರು ಹಾಕಿದ್ರು?” ಎಂದ.

“ನಾನ,” ಎಂದಳು ಗುರವ್ವ.

ಅವನು ತಿದಿಯ ಬಳಿ ಹೋಗಿ ಕೂತನಂತೆ. ಅಂದಿನಿಂದ ಇಕ್ಕಳ ಅವಳ ಕೈಯಲ್ಲೇ ಉಳಿಯಿತು ಎನ್ನುತ್ತಾರೆ.

ಗುಡ್ಡ ಹತ್ತುವವರು ಈಗಲೂ ಪಡುವಲ ಬಂಡೆಯ ಮೈತುಂಬ ಬೆರಳಗಲದ ಗೆರೆಗಳನ್ನು ಕಾಣುತ್ತಾರೆ. ಆ ಸುಗ್ಗಿಯಲ್ಲಿ ಕುಡುಗೋಲು ಮಸೆದ ಗುರುತುಗಳವು. ಮಳೆ ಬಂದಾಗ ನೀರು ಆ ಗೆರೆಗಳಲ್ಲೇ ಹರಿದು, ಕೆಳಗಿನ ಜೋಳದ ಹೊಲಕ್ಕೆ ಇಳಿಯುತ್ತದೆ.