ಗಾಜಿನ ಹೊಲದ ಹಕ್ಕಲು

ಡಂಗುರದವನು ಬೀದಿಬೀದಿ ಸಾರಿದ್ದು ಇಷ್ಟು: ಬಿಸಿಲಗಿರಿಯ ದೊರೆ ಸರ್ಜಪ್ಪನಾಯಕರ ಮಗಳು ಹೊನ್ನಾಜಮ್ಮಣ್ಣಿಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಒಡೆದವನಿಗೆ ಮಗಳನ್ನು ಕೊಟ್ಟು ಮದುವೆ, ಮೇಲೆ ಅರ್ಧ ರಾಜ್ಯ. ಒಂದು ತಪ್ಪಿದರೂ ಹೊತ್ತು ಮುಳುಗುವುದರೊಳಗೆ ತಲೆ ಹೋಗುತ್ತದೆ.

ಜನ ಕೇಳಿದರು, ಸುಮ್ಮನಾದರು. ಆ ರಾಜ್ಯದಲ್ಲಿ ಬೆರಗಾಗುವುದೇ ಎಲ್ಲರಿಗೂ ಮರೆತುಹೋಗಿತ್ತು. ಎಂಟು ವರ್ಷದ ಹಿಂದೆ ದೊರೆ ಹೊಲಗಳನ್ನೆಲ್ಲ ಗುತ್ತಿಗೆ ಹಿಡಿದು, ಸುತ್ತ ತಂತಿ ಬೇಲಿ ಬಿಗಿಸಿ, ಸಾಲುಸಾಲಾಗಿ ಕರಿ ಗಾಜಿನ ಹಲಗೆ ನೆಡಿಸಿದ್ದ. ಅದರ ಮೇಲೆ ಬಿಸಿಲು ಬಿದ್ದರೆ ಏಳು ರಾಜ್ಯದ ದೀಪ ಉರಿಯುತ್ತಿತ್ತು. ಹೊಲ ಇದ್ದವರಿಗೆ ಗುತ್ತಿಗೆ ಬರುತ್ತಿತ್ತು, ಅವರು ಜಗಲಿ ಮೇಲೆ ಕೂತರು. ಕೂತವರು ಕೂತೇ ಇದ್ದರು. ಹೊಲ ಇಲ್ಲದವರಿಗೆ, ಅಂದರೆ ಕಳೆ ಕೀಳುವವರಿಗೆ, ಪೈರು ಕೊಯ್ಯುವವರಿಗೆ, ಯಾರೂ ಏನೂ ಕೊಡಲಿಲ್ಲ. ಅವರೂ ಕೇಳಲು ಹೋಗಲಿಲ್ಲ.

ರಾಜಕುಮಾರಿ ಯಾಕೆ ಹೀಗೆ ಮಾಡಿದಳು ಅಂತ ಬಾಯಿಗೊಂದು ಮಾತು. ಯಾರನ್ನೋ ಕಟ್ಟಿಕೊಂಡು ಓಡಿಹೋಗಲು ಈ ನಾಟಕ ಅಂದರು ಕೆಲವರು. ಬಸುರಿಯಂತೆ ಅಂತಲೂ ಆಯಿತು. ವರ್ಷ ಕಳೆದರೂ ಹೊಟ್ಟೆ ಬರಲಿಲ್ಲ, ಅಂದವರು ತೆಪ್ಪಗಾದರು. ನಿಜ ಇಷ್ಟೇ: ಒಂದು ಸಲ ರಾಜ್ಯ ಸುತ್ತಿ ಬಂದವಳು ಅಪ್ಪನ ಜೊತೆ ಮಾತು ಬಿಟ್ಟಿದ್ದಳು.

ಮೊದಲು ಬಂದವನು ಪಾಳೆಯಗಾರನ ಮಗ, ಮೀಸೆಗೆ ತುಪ್ಪ ಸವರಿಕೊಂಡು. ದುಡಿದರೆ ಹುಟ್ಟುತ್ತದೆ, ಕೂತರೆ ಸಾಯುತ್ತದೆ, ಸತ್ತರೆ ಯಾರೂ ಅಳುವುದಿಲ್ಲ, ಏನದು ಅಂತ ರಾಜಕುಮಾರಿ ಕೇಳಿದಳು. ಬೆವರು ಅಂದ.

"ಬೆವರು ಕೂತವರಿಗೂ ಬರುತ್ತದೆ. ನಿಮ್ಮ ಹಣೆ ಮುಟ್ಟಿ ನೋಡಿಕೊಳ್ಳಿ" ಅಂದಳಂತೆ. ಮುಟ್ಟಿಕೊಂಡ. ತಲೆ ಹೋಯಿತು.

ಎರಡನೆಯವನು ಗಾಜಿನ ವ್ಯಾಪಾರಿಯ ಮಗ. ಅರಮನೆಯ ದಾಸಿಗೆ ನಾಲ್ಕು ಚಿನ್ನದ ಬಳೆ ತೊಡಿಸಿ ಮೊದಲ ಒಗಟಿನ ಉತ್ತರ ಕದ್ದುಕೊಂಡು ಬಂದಿದ್ದ. ದಾಸಿಗೂ ಅವನಿಗೂ ಬಳೆಯದೊಂದೇ ವ್ಯವಹಾರವೋ, ಇನ್ನೇನಿತ್ತೋ, ದೇವರೇ ಬಲ್ಲ. ರಾಜಕುಮಾರಿ ಅವನಿಗೆ ಎರಡನೆಯದರಿಂದಲೇ ಶುರುಮಾಡಿದಳು. ಸುಗ್ಗಿ ಮುಗಿದ ಮೇಲೆ ಬರುವ ನೆಂಟ, ಮನೆಯೊಳಗೆ ಕಾಲಿಡುವುದಿಲ್ಲ, ನಾವು ಬೇಯಿಸಿದ್ದು ತಿನ್ನುವುದಿಲ್ಲ, ಬಯಲಲ್ಲೇ ಮಲಗಿ ಎದ್ದುಹೋಗುತ್ತಾನೆ, ಬಿಟ್ಟುಹೋದದ್ದನ್ನು ಮಣ್ಣು ವರ್ಷವಿಡೀ ತಿನ್ನುತ್ತದೆ, ಯಾರು? ಅವನು ಬಳೆ ವಾಪಸ್ ಕೇಳುವವನ ಹಾಗೆ ದಾಸಿಯನ್ನು ನೋಡಿ, ಮಂಜು ಅಂದ. ಮಂಜನ್ನು ಮಣ್ಣು ಬಿಸಿಲೇರುವ ಮೊದಲೇ ಮುಗಿಸುತ್ತದೆ ಅಂದಳು. ಅವನದೂ ಹೋಯಿತು. ಊರಲ್ಲಿ ಒಲೆ ಆರಲಿಲ್ಲ, ಯಾರ ಊಟವೂ ತಪ್ಪಲಿಲ್ಲ.

ಮೂರನೆಯವನು ಗಾದ್ರಿ. ಕೊಯ್ಲಿನ ಆಳು, ಮೀಸೆ ಮೂಡುವ ಮೊದಲೇ ಕುಡುಗೋಲು ಹಿಡಿದವನು, ಹೊಲ ಗಾಜಾದ ಮೇಲೆ ಅದನ್ನು ಗೋಡೆಗೆ ಸಿಕ್ಕಿಸಿ ಕೂತವನು. ಮದುವೆ ಬೇಡ, ಗೆದ್ದರೆ ಬೇಲಿಯೊಳಗೆ ಬಿತ್ತಲು ಬಿಡಬೇಕು, ನಮ್ಮ ಕೂಲಿಯವರ ಓಣಿಗೆ ಕೆಲಸ ಬೇಕು ಅಂತ ಮೊದಲೇ ಹೇಳಿಬಿಟ್ಟ.

"ತಲೆ ಹೋದೀತು" ಅಂದ ದೊರೆ.

"ಇದ್ದು ಏನು ಮಾಡ್ತಿದೆ ಬುದ್ಧಿ? ಸುಮ್ನೆ ಕತ್ತಿನ ಮೇಲೆ ಕೂತಿದೆ."

ಮೊದಲ ಒಗಟು ಕೇಳಿ ಗಾದ್ರಿ ತನ್ನ ಕೈಯನ್ನೇ ನೋಡಿಕೊಂಡ. ಅಂಗೈಯ ಜಡ್ಡು ಅಂದ. ಕುಡುಗೋಲು ಹಿಡಿದಷ್ಟು ದಿನ ಇತ್ತು, ಈಗ ಈ ಕೈ ಬಾಣಂತಿಯ ಕೈ ಹಾಗಿದೆ, ಹೋದದ್ದು ಯಾವತ್ತು ಅಂತ ತನಗೂ ಗೊತ್ತಾಗಲಿಲ್ಲ ಅಂದ. ಎರಡನೆಯದಕ್ಕೆ ಯೋಚಿಸಲೂ ಇಲ್ಲ. ಕುರಿಮಂದೆ, ಕೊಯ್ದ ಹೊಲದಲ್ಲಿ ತಂಗಿಸುತ್ತಿದ್ದೆವು, ಹಿಕ್ಕೆ ಹಾಕಿ ಹೋಗುತ್ತಿತ್ತು, ಅದೇ ಗೊಬ್ಬರ, ಈಗ ಬೇಲಿ ನೋಡಿ ಬೇರೆ ಸೀಮೆಗೆ ತಿರುಗಿಕೊಳ್ಳುತ್ತದೆ ಅಂದ.

ರಾಜಕುಮಾರಿ ಮೂರನೆಯದು ಹೇಳಿದಳು. "ದಿನಾ ಕೊಯ್ಲು, ವರ್ಷವೆಲ್ಲ ಸುಗ್ಗಿ. ಆದರೂ ಹಿಂದೆ ಬಗ್ಗಿ ನಡೆದವಳ ಮಡಿಲಿಗೆ ಒಂದು ಕಾಳೂ ಬೀಳದ ಬೆಳೆ ಯಾವುದು?"

ಕತ್ತಿ ಹಿಡಿದವನು ಹೊತ್ತು ಎಷ್ಟಾಯಿತು ಅಂತ ಎರಡು ಸಲ ನೋಡಿದ. ಹೆದರಿಕೆಯೇ ಅಂತ ಮಂತ್ರಿ ಕೇಳಿದ್ದಕ್ಕೆ ಗಾದ್ರಿ ಇಲ್ಲ ಅಂತ ತಲೆಯಾಡಿಸಿದ.

"ಬಿಸಿಲು" ಅಂದ ಕೊನೆಗೆ. "ಬುದ್ಧಿಯವರ ಗಾಜಿನ ಹೊಲದ ಬಿಸಿಲು. ರಾಗಿ ಕೊಯ್ದರೆ ನಾಲ್ಕು ತೆನೆ ಉದುರ್ತದೆ. ಉದುರಿದ್ದು ಹೊಲದವರದಲ್ಲ, ಹಕ್ಕಲು ಆಯೋ ಹೆಂಗಸರದು. ನಮ್ಮವ್ವ ನನ್ನ ಸಾಕಿದ್ದೇ ಹಕ್ಕಲಲ್ಲಿ. ಗಾಜು ಬಂದ ವರ್ಷ ಮೊರ ಹಿಡಿದು ಬೇಲಿ ಹತ್ರ ನಿಂತಳು. ಒಳಗೆ ಕೊಯ್ಲು ನಡೀತಾನೇ ಇತ್ತು, ಏನೂ ಉದುರಲಿಲ್ಲ. ಆಮೇಲೆ ಸುಗ್ಗಿ ಬಂತಾ ಅಂತ ಕೇಳೋದೇ ಬಿಟ್ಟಳು."

ಮೂರೂ ಸರಿ ಅಂದಳು ರಾಜಕುಮಾರಿ. ಇದನ್ನು ನನಗೇ ನೇರವಾಗಿ ಹೇಳಬಹುದಿತ್ತಲ್ಲ ಅಂದ ದೊರೆ.

"ಹೇಳಿದ್ದೆ ಅಪ್ಪಾಜಿ. ನೀವು ದೀಪ ಎಣಿಸುತ್ತಿದ್ದಿರಿ."

ಹಾಗಾದರೆ ಎರಡು ತಲೆ ಯಾಕೆ ಹೋಗಬೇಕಿತ್ತು ಅಂತ ಯಾರೂ ಕೇಳಲಿಲ್ಲ. ದೊಡ್ಡ ಮನೆಯವರ ಮುನಿಸು ತೀರುವುದೇ ಹಾಗೆ, ಬೇರೆಯವರ ಕತ್ತಿನ ಮೇಲೆ.

ದೊರೆ ಮಾತಿಗೆ ತಪ್ಪಲಿಲ್ಲ. ಮದುವೆ ಇಬ್ಬರಿಗೂ ಬೇಡವಾಗಿತ್ತು, ಆಗಲಿಲ್ಲ. ಅರ್ಧ ರಾಜ್ಯ ಗಾದ್ರಿಯ ಕೈಗೆ ಬಂತು. ದೀಪ ಆರಿಸುವ ಹಾಗಿರಲಿಲ್ಲ, ಗಾಜು ಕೀಳಲಿಲ್ಲ. ಜೋಡೆತ್ತು ನುಗ್ಗುವಷ್ಟು ಎತ್ತರಕ್ಕೆ ಹಲಗೆಗಳನ್ನು ಕಂಬದ ಮೇಲೆ ಏರಿಸಿ, ಅಡಿಯಲ್ಲಿ ರಾಗಿ ಬಿತ್ತಿಸಿದ. ಬೆಳೆ ಹೊಲದವರಿಗೆ, ಕೂಲಿ ಓಣಿಯವರಿಗೆ. ಗಾಜಿನ ನೆರಳಿಗೆ ಪೈರು ಮೊಳಕಾಲಿನ ಮೇಲೆ ಏಳಲಿಲ್ಲ. ಆದರೂ ಕೊಯ್ದರು.

ಅವತ್ತು ಗಾದ್ರಿಯ ತಾಯಿ ಮಾರಕ್ಕ ಮೊರ ಹಿಡಿದು ಬಂದಾಗ, ಸಾಲಿನ ನಡುವೆ ಆಗಲೇ ಒಬ್ಬಳು ಬಗ್ಗಿದ್ದಳು. ಯಾರು ಅಂತೀರಿ? ಪಟೇಲರ ಹೆಂಡತಿ ಪುಟ್ಟಚೆಲುವಮ್ಮ. ಮಾಡಲು ಕೆಲಸವಿಲ್ಲದೆ ದಿನಕ್ಕೆ ನಾಲ್ಕು ಸೀರೆ ಬದಲಾಯಿಸುತ್ತಾಳೆ ಅಂತ ಊರೇ ಆಡಿಕೊಳ್ಳುತ್ತಿದ್ದವಳು, ರೇಷ್ಮೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೂಲಿಯವರ ಹಾಗೆ ಹಕ್ಕಲು ಆಯುತ್ತಿದ್ದಳು. ನೋಡಿದವರು ನಗಲೂ ಇಲ್ಲ.

"ಅಮ್ಮಾವ್ರೆ, ಹೊಲ ನಿಮ್ಮದೇ. ಬೆಳೆ ನಿಮ್ಮನೆಗೇ ಬರ್ತದೆ. ಇದು ನಮ್ಮ ಪಾಲು" ಅಂದಳು ಮಾರಕ್ಕ.

"ಗೊತ್ತು ಮಾರಕ್ಕ. ಆಯ್ದಿದ್ದೆಲ್ಲ ನಿನ್ನ ಮೊರಕ್ಕೇ ಹಾಕ್ತೀನಿ. ಸುಮ್ನೆ ಆಯೋಕೆ ಬಿಡು."

ಮಾರಕ್ಕ ಮೊರವನ್ನು ಇಬ್ಬರ ನಡುವೆ ಇಟ್ಟು, ತಾನೂ ಬಗ್ಗಿದಳು.