ಶಿವಗಂಗಮ್ಮನ ಮುಂಬಾಗಿಲು

ಶಿವಗಂಗಮ್ಮನ ಅಡುಗೆಮನೆ ಕಪಾಟಿಗೆ ಗೆದ್ದಲು ಹಿಡಿದಿತ್ತು. ಔಷಧಿ ಹೊಡೆಯುವ ಕಂಪನಿಯವನು ಟೈ ಕಟ್ಟಿಕೊಂಡು ಬಂದ. ಗೆದ್ದಲು ಓಡಿಸೋಕೆ ಟೈ ಯಾಕೆ ಎಂದು ಆಕೆಗೆ ಆಗಲೇ ಅನುಮಾನ. ಕಪಾಟಿನ ಸುದ್ದಿಯನ್ನೇ ಎತ್ತದೆ ಮುಂಬಾಗಿಲು ತೋರಿಸಿದಳು.

"ಮೊದಲು ಇದನ್ನ ನೋಡಪ್ಪ."

ಅವನು ಬೆರಳಿಂದ ತಟ್ಟಿ, ಕಿವಿಯಿಟ್ಟು ಕೇಳಿ, ಲೊಚಗುಟ್ಟಿದ.

"ಅಮ್ಮಾ, ಒಳ್ಳೇ ತೇಗ, ಒಳಗೆಲ್ಲಾ ಟೊಳ್ಳು! ಗೆದ್ದಲು ತಿಂದು ಮುಗಿಸಿದೆ. ಇವತ್ತೇ ಔಷಧಿ ಹೊಡೀದಿದ್ರೆ ಇಡೀ ಮನೆಗೇ ಹಬ್ಬುತ್ತೆ."

ಶಿವಗಂಗಮ್ಮ ಒಳಗೆ ಹೋದಳು. ಫ್ರಿಜ್ಜಿಗೆ ಅಂಟಿಸಿದ್ದ ಅಯಸ್ಕಾಂತದ ಗಣಪನನ್ನು ಕಿತ್ತು ತಂದು ಬಾಗಿಲಿಗೆ ಹಿಡಿದಳು. ಗಣಪ ಟಕ್ಕನೆ ಕಚ್ಚಿಕೊಂಡ.

ಅದು ತೇಗದ ಬಣ್ಣ ಬಳಿದ ಕಬ್ಬಿಣದ ಬಾಗಿಲು. ಅವನು ಟೈ ಸಡಿಲಿಸಿಕೊಂಡ.

"ಕಬ್ಬಿಣ ತಿಂದು ಅರಗಿಸಿಕೊಂಡಿರೋ ಗೆದ್ದಲು, ನಿನ್ನ ಔಷಧಿಗೆ ಸಾಯುತ್ತೇನಪ್ಪ?"